ಕಾರ್ಡಿಗೆ ಸಿಗದ ಸೂಜಿ, ಗುರುವಾರ ಪುಕ್ಕಟೆ!

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬಾರದವರು ಯಾರಿದ್ದಾರೆ? ಬೆಲ್ಲದ ಮೇಲೆ ಕೂತ ನೊಣದ ತೂಕವನ್ನೂ ಕಳೆದು ರೇಟು ಹೇಳುವ ಜನ ನಮ್ಮವರು. ಅಂಥ ಊರಿನಲ್ಲೇ ಎಳೆಗೂಸಿಗೆ ಹಾಕಿಸುವ ಒಂದು ಸೂಜಿಯ ವಿಷಯದಲ್ಲಿ ಲೆಕ್ಕ ತಪ್ಪುತ್ತಿದೆ. ಕೆಲವರು ಕೊಡಬೇಕಿಲ್ಲದ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾರೆ. ಇನ್ನು ಕೆಲವರು ಅಷ್ಟು ದುಡ್ಡು ಹೊಂದಿಸಲಾಗದೆ ಸೂಜಿಯನ್ನೇ ಬಿಟ್ಟುಬಿಡುತ್ತಾರೆ. ಮೊದಲನೆಯದು ಜೇಬಿಗೆ ನಷ್ಟ. ಎರಡನೆಯದು ಕೂಸಿನ ಜೀವಕ್ಕೇ ಕುತ್ತು.

ಮೆಡಿಕಲ್ ಸ್ಟೋರಿನ ಕಟ್ಟೆಯ ಮೇಲೆ, ಹರಿಹರದ ಬಸ್ಸಿನ ಸೀಟಿನ ಮೇಲೆ ಕೇಳಿಬರುವ ಮಾತು ಒಂದೇ: "ಅಲ್ರೀ, ಆಯುಷ್ಮಾನ್ ಕಾರ್ಡ್ ಮಾಡಿಸೀವಿ, ಐದು ಲಕ್ಷದ ತನಕ ಸರ್ಕಾರ ಕೊಡ್ತೈತೆ ಅಂತಾರೆ. ಕೂಸಿನ ನ್ಯುಮೋನಿಯಾ ಸೂಜಿಗೆ ಮಾತ್ರ ಆ ಕಾರ್ಡ್ ನಡೆಯಲ್ಲ ಅಂದ್ರೆ ಏನರ್ಥ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವವರಿಗೆ ಮಾತ್ರ ಪುರುಸೊತ್ತಿಲ್ಲ. ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ "ನಡೆಯಲ್ಲ" ಎಂದರೆ ಮಾತು ಮುಗಿಯಿತು. ಕಾರ್ಡ್ ಇಟ್ಟುಕೊಂಡವರು ಸರ್ಕಾರ ಕೈಬಿಟ್ಟಿತು ಎಂದುಕೊಂಡು ಮನೆ ದಾರಿ ಹಿಡಿಯುತ್ತಾರೆ. ಆದರೆ ಸರ್ಕಾರ ಕೈಬಿಟ್ಟಿಲ್ಲ. ಬೇರೆ ಬಾಗಿಲು ತೆರೆದಿಟ್ಟಿದೆ. ಆ ಬಾಗಿಲು ಯಾವುದು ಎಂದು ಹೇಳಲಿಕ್ಕೇ ಈ ಬರಹ.

ಕಾರ್ಡಿನ ಕೆಲಸ ಏನು?

ಆರೋಗ್ಯ ಕರ್ನಾಟಕ ಯೋಜನೆ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್ ಕೊನೆಗೆ ಅದನ್ನು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಸಿದರು. ಆಗ ಗೊತ್ತುಮಾಡಿದ ಲೆಕ್ಕ ಹೀಗಿದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪೂರಾ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ದರದಲ್ಲಿ ನೂರಕ್ಕೆ 30 ಭಾಗ ಸರ್ಕಾರದ್ದು, ಉಳಿದ 70 ಮನೆಯವರದ್ದು. ಸರ್ಕಾರದ ಪಾಲು ವರ್ಷಕ್ಕೆ ಒಂದೂವರೆ ಲಕ್ಷ ದಾಟುವಂತಿಲ್ಲ.

ಇದೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಯ ಮಾತು. ಹೃದಯದ ಆಪರೇಷನ್, ಕ್ಯಾನ್ಸರ್, ಕಿಡ್ನಿ, ಸುಟ್ಟ ಗಾಯ ಇತ್ಯಾದಿ. ಕೂಸಿಗೆ ನ್ಯುಮೋನಿಯಾ ಬಿಗಡಾಯಿಸಿ, ಉಸಿರು ಕಟ್ಟಿ, ವಾರ್ಡಿಗೆ ಸೇರಿಸಬೇಕಾಗಿ ಬಂದರೆ ಕಾರ್ಡ್ ಕೆಲಸಕ್ಕೆ ಬರುತ್ತದೆ. ಅದೇ ನ್ಯುಮೋನಿಯಾ ಬಾರದ ಹಾಗೆ ಹಾಕಿಸುವ ಲಸಿಕೆ ಮಾತ್ರ ಕಾರ್ಡಿನ ಪಟ್ಟಿಯಿಂದ ಹೊರಗೆ.

"ಇದೆಂಥ ನ್ಯಾಯ ಸ್ವಾಮಿ? ಬೆಂಕಿ ಬಿದ್ದ ಮೇಲೆ ಬಾವಿ ತೋಡೋದಕ್ಕೆ ದುಡ್ಡು ಕೊಡ್ತಾರೆ, ಮೊದಲೇ ಕೊಡ ನೀರು ಇಟ್ಕೊಳ್ಳೋದಕ್ಕೆ ಕೊಡಲ್ಲ!" ಎಂದು ಯಾರಾದರೂ ಕೇಳಬಹುದು. ಇದಕ್ಕೆ ಅಂಗಡಿಯ ಉದಾಹರಣೆಯೇ ಸರಿ. ನಿಮ್ಮ ಅಂಗಡಿಗೆ ವಿಮೆ ಮಾಡಿಸಿದ್ದೀರಿ. ಬೆಂಕಿ ಬಿದ್ದರೆ, ಕಳ್ಳತನವಾದರೆ ವಿಮೆ ಕಂಪನಿ ದುಡ್ಡು ಕೊಡುತ್ತದೆ. ಆದರೆ ಶಟರಿಗೆ ಬೀಗ ತಂದುಕೊಡುತ್ತದೆಯೇ? ಇಲ್ಲ. ಬೆಂಕಿ ಬೀಳುವುದು ನೂರರಲ್ಲಿ ಒಂದು ಅಂಗಡಿಗೆ. ಬೀಗ ಬೇಕಾಗುವುದು ನೂರಕ್ಕೆ ನೂರಕ್ಕೂ. ಲಸಿಕೆ ಬೀಗದ ಜಾತಿಗೆ ಸೇರಿದ್ದು. ಹುಟ್ಟಿದ ಪ್ರತಿಯೊಂದು ಕೂಸಿಗೂ ಅದು ಬೇಕು. ಹಾಗಾಗಿ ಕಾರ್ಡು, ಕ್ಲೈಮು, ಅರ್ಜಿ, ಮಂಜೂರಾತಿ ಎಂಬ ತಾಪತ್ರಯ ಇಟ್ಟುಕೊಳ್ಳದೆ ಸರ್ಕಾರ ಬೀಗವನ್ನೇ ಒಟ್ಟಿಗೆ ಖರೀದಿ ಮಾಡಿ ಮನೆಮನೆಗೆ ಹಂಚುತ್ತದೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಎಂದು 1985ರಿಂದ ನಡೆದುಕೊಂಡು ಬಂದಿರುವುದು ಇದೇ.

ವಿಮೆಯನ್ನೇ ನೆಚ್ಚಿಕೊಂಡ ಅಮೆರಿಕದಲ್ಲೂ ಈ ಪಾಠ ಕಲಿಯಬೇಕಾಯಿತು. ಅಲ್ಲಿ 1989ರಿಂದ 1991ರವರೆಗೆ ದಡಾರ ಎದ್ದು 55 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಿಸಿದಾಗ ಕಂಡದ್ದೇನು? ಡಾಕ್ಟರ ಬಾಗಿಲಿಗೆ ಹೋದ ಮಕ್ಕಳೇ ಸೂಜಿ ಇಲ್ಲದೆ ವಾಪಸು ಬಂದಿದ್ದರು. ವಿಮೆ ಇಲ್ಲದವರಿಗೆ ದುಡ್ಡಿಲ್ಲ, ವಿಮೆ ಇದ್ದ ಕೆಲವರಿಗೆ ಅದರಲ್ಲಿ ಲಸಿಕೆಯೇ ಸೇರಿರಲಿಲ್ಲ. ಕೊನೆಗೆ 1994ರಲ್ಲಿ ಅಲ್ಲಿಯ ಸರ್ಕಾರವೇ ಲಸಿಕೆ ಕೊಂಡು ಅಂಥ ಮಕ್ಕಳಿಗೆ ಪುಕ್ಕಟೆ ಕೊಡುವ ಏರ್ಪಾಡು ಮಾಡಿತು. ಆ ವಿಚಾರದಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರುವುದು ಬೇರೆ ಕಡೆ. ಅದನ್ನೂ ನೋಡೋಣ.

ಹದಿನೈದು ವರ್ಷದ ದಾರಿ

ನ್ಯುಮೋನಿಯಾ ಸೂಜಿ ಎಂದು ಜನ ಕರೆಯುವುದಕ್ಕೆ ಆಸ್ಪತ್ರೆಯಲ್ಲಿ ಪಿಸಿವಿ ಎನ್ನುತ್ತಾರೆ. ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧ ಕೊಡುವ ಲಸಿಕೆ ಇದು. ಈ ರೋಗಾಣು ಎದೆಗೆ ಇಳಿದರೆ ನ್ಯುಮೋನಿಯಾ, ತಲೆಗೆ ಏರಿದರೆ ಮೆದುಳುಪೊರೆಯ ಜ್ವರ. ಬದುಕುಳಿದ ಕೂಸು ಕಿವುಡಾಗುವುದೂ ಉಂಟು.

ಅಮೆರಿಕದಲ್ಲಿ ಈ ಲಸಿಕೆಗೆ ಪರವಾನಗಿ ಸಿಕ್ಕಿದ್ದು 2000ದಲ್ಲಿ. ನಮ್ಮ ದೇಶದ ಖಾಸಗಿ ಆಸ್ಪತ್ರೆಗಳಿಗೆ ಬಂದದ್ದು 2006ರಲ್ಲಿ. ಆಗಿನಿಂದಲೂ ದುಡ್ಡಿದ್ದವರ ಮಕ್ಕಳಿಗೆ ಅದು ಸಿಗುತ್ತಿತ್ತು. ವಿದೇಶಿ ಕಂಪನಿಯ ಮಾಲು. ಒಂದು ಡೋಸಿಗೇ ಮೂರು ಸಾವಿರ ದಾಟುವುದು ಮಾಮೂಲು. ಹಮಾಲಿ ಮಾಡುವವನು, ಹೋಟೆಲ್ ಸಪ್ಲೈಯರು, ಬೀಡಿ ಕಟ್ಟುವಾಕೆ ಅದರ ಹೆಸರೂ ಕೇಳಿರಲಿಲ್ಲ.

ಸರ್ಕಾರಿ ಪಟ್ಟಿಗೆ ಅದು ಸೇರಲು 2017ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಆಗಲೂ ಹಿಮಾಚಲ ಪ್ರದೇಶ, ಮತ್ತೆ ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಿಗೆ ಮಾತ್ರ. ಆಮೇಲೆ ಮಧ್ಯಪ್ರದೇಶ, ರಾಜಸ್ಥಾನ ಸೇರಿಕೊಂಡವು. ಹೆಚ್ಚು ಮಕ್ಕಳು ಸಾಯುತ್ತಿದ್ದ ಕಡೆಗೆ ಮೊದಲು ಎಂಬ ಲೆಕ್ಕ ಅದು. ಕರ್ನಾಟಕ ಆ ಸಾಲಿನಲ್ಲಿ ಇರಲಿಲ್ಲ.

ತಡಕ್ಕೆ ದೊಡ್ಡ ಕಾರಣ ದರ. ಬೇರೆ ದೇಶದ ಕಂಪನಿ ಹೇಳಿದ ಬೆಲೆಗೆ ವರ್ಷಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಕೂಸುಗಳಿಗೆ ಲಸಿಕೆ ಕೊಳ್ಳುವುದು ಹುಡುಗಾಟವಲ್ಲ. 2017ರಲ್ಲಿ ಶುರು ಮಾಡಿದ್ದೂ ಗಾವಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನೆರವಿನಿಂದ. ಅದೇ ವರ್ಷ ಹದಿಮೂರು ಬಗೆಯ ರೋಗಾಣುಗಳಿಗೆ ತಡೆಯೊಡ್ಡುವ ವಿದೇಶಿ ಲಸಿಕೆಗೆ ನಮ್ಮ ದೇಶದಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ವೈದ್ಯರದೇ ಒಂದು ಸೇವಾ ಸಂಸ್ಥೆ ತಕರಾರು ಹಾಕಿದ್ದರೂ ಫಲ ಸಿಗಲಿಲ್ಲ.

ಗಂಟು ಸಡಿಲವಾದದ್ದು ಪುಣೆಯಲ್ಲಿ. ಅಲ್ಲಿಯ ಸೀರಂ ಇನ್‌ಸ್ಟಿಟ್ಯೂಟ್ ಹತ್ತು ಬಗೆಯ ನ್ಯುಮೋಕಾಕಸ್‌ಗೆ ತಡೆಯೊಡ್ಡುವ ಸ್ವದೇಶಿ ಲಸಿಕೆ ತಯಾರು ಮಾಡಿತು. ಆಫ್ರಿಕಾದ ಗಾಂಬಿಯಾದಲ್ಲಿ ಪರೀಕ್ಷೆ ಮುಗಿಸಿ, 2019ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದು, 2020ರ ಡಿಸೆಂಬರ್ ಕೊನೆಗೆ ನಮ್ಮಲ್ಲಿ ಬಿಡುಗಡೆಯಾಯಿತು. 2021ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು: ಐದು ರಾಜ್ಯಗಳಿಗಷ್ಟೇ ಇರುವ ಈ ಲಸಿಕೆ ದೇಶವಿಡೀ ಬರಲಿದೆ, ಅದರಿಂದ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪಲಿದೆ ಎಂದು. 2021ರ ಅಕ್ಟೋಬರ್ 29ರಂದು ದೇಶವ್ಯಾಪಿ ವಿಸ್ತರಣೆಗೆ ಚಾಲನೆ ಸಿಕ್ಕಿತು. ನಮ್ಮ ರಾಜ್ಯಕ್ಕೂ ಬಂತು.

2006ರಿಂದ 2021. ಹದಿನೈದು ವರ್ಷ. ಅದು ಪೇಟೆಗೆ ಬಂದ ವರ್ಷ ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿಗೆ ಬರುವಷ್ಟು ಕಾಲ. ಅಂಗಡಿಯಲ್ಲಿ ಮಾಲು ಇದೆ, ಬಡವನ ಕೂಸಿಗಿಲ್ಲ. 2018ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 1 ಲಕ್ಷ 27 ಸಾವಿರ ಮಕ್ಕಳು ಭಾರತದಲ್ಲಿ ನ್ಯುಮೋನಿಯಾದಿಂದ ಸತ್ತರು ಎಂದು ಯುನಿಸೆಫ್ ಲೆಕ್ಕ ಕೊಟ್ಟಿತ್ತು. ಅಷ್ಟೂ ಸಾವನ್ನು ಈ ಸೂಜಿ ತಡೆಯುತ್ತಿತ್ತು ಎಂದಲ್ಲ. ನ್ಯುಮೋನಿಯಾಕ್ಕೆ ರೋಗಾಣು ಹಲವು. ಆದರೆ ಬಹಳಷ್ಟನ್ನು ತಡೆಯುತ್ತಿತ್ತು. "ಹೊಸ ಲಸಿಕೆ" ಎಂದು ನಾವು ಕರೆಯುವುದು ಶ್ರೀಮಂತನ ಮನೆಗೆ ಎಷ್ಟೋ ಹಳೆಯದಾಗಿರುತ್ತದೆ. ನೆನಪಿರಲಿ.

ಭೇದಿಗೂ ಇದೆ ಹನಿ

ಪಿಸಿವಿ ಒಂದೇ ಅಲ್ಲ. ಎಳೆಗೂಸುಗಳ ವಾಂತಿಭೇದಿಗೆ ಕಾರಣವಾಗುವ ರೋಟಾ ವೈರಸ್ಸಿಗೂ ಬಾಯಿಗೆ ಹಾಕುವ ಲಸಿಕೆ ಬಂದಿದೆ. ಅದರ ಹುಟ್ಟಿನ ಕಥೆ ನಮ್ಮ ದೇಶದ್ದೇ. 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕೆಲವು ನವಜಾತ ಶಿಶುಗಳಿಗೆ ರೋಟಾ ಸೋಂಕು ತಗುಲಿದ್ದರೂ ಭೇದಿಯಾಗಲಿಲ್ಲ. ಇದನ್ನು ಗಮನಿಸಿದವರು ಡಾ. ಎಂ.ಕೆ. ಭಾನ್ ಮತ್ತು ಅವರ ಸಂಗಡಿಗರು. ಆ ಸಾಧು ವೈರಸ್ಸನ್ನೇ ಹಿಡಿದು ಲಸಿಕೆ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಕೂಸುಗಳಲ್ಲಿ ಇಂಥದೇ ಇನ್ನೊಂದು ತಳಿ ಕಂಡುಹಿಡಿದಿದ್ದರು. ಎರಡನ್ನೂ ಪರೀಕ್ಷೆಗೆ ಒಡ್ಡಿದಾಗ ದೆಹಲಿಯದು ಮುಂದೆ ಬಂತು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಈ ಲಸಿಕೆ 2015ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಸರ್ಕಾರಕ್ಕೆ ಡೋಸಿಗೆ ಒಂದು ಡಾಲರಿನಂತೆ ಕೊಡುವುದಾಗಿ ಕಂಪನಿ ಮೊದಲೇ ಒಪ್ಪಿತ್ತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ, 2019ರ ಹೊತ್ತಿಗೆ ದೇಶದ ಉಳಿದ ಕಡೆಗೂ ಹಬ್ಬಿತು.

ಇಲ್ಲಿ ಬಿಡುಗಡೆಯಾದ ಮರುವರ್ಷವೇ ಸರ್ಕಾರಿ ಕೇಂದ್ರಕ್ಕೆ ಬಂದ ಲಸಿಕೆ ಇದು, ಹದಿನೈದು ವರ್ಷ ಅಲೆದ ಲಸಿಕೆ ಅದು. ವ್ಯತ್ಯಾಸ ಎಲ್ಲಿ? ಒಂದರ ದರವನ್ನು ಮೊದಲೇ ಮಾತಾಡಿಕೊಂಡಿದ್ದರು, ಇನ್ನೊಂದರ ದರ ಪರರ ಕೈಯಲ್ಲಿತ್ತು. ವ್ಯಾಪಾರ ಬಲ್ಲವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಯಾವಾಗ, ಎಲ್ಲಿ, ಎಷ್ಟು?

ಈಗ ಕೆಲಸದ ಮಾತು. ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಂಡರೂ ಸರಿಯೇ.

ಸರ್ಕಾರಿ ಲೆಕ್ಕದಲ್ಲಿ ಪಿಸಿವಿ ಮೂರು ಸಲ. ಕೂಸಿಗೆ 6 ವಾರ ತುಂಬಿದಾಗ, ಅಂದರೆ ಒಂದೂವರೆ ತಿಂಗಳಿಗೆ ಒಂದು. 14 ವಾರಕ್ಕೆ, ಅಂದರೆ ಮೂರೂವರೆ ತಿಂಗಳಿಗೆ ಎರಡನೆಯದು. 9 ತಿಂಗಳು ತುಂಬಿದ ಮೇಲೆ, ದಡಾರದ ಸೂಜಿಯ ಜೊತೆಗೆ, ಮೂರನೆಯ ಬೂಸ್ಟರ್. ರೋಟಾ ಹನಿ 6, 10, 14ನೇ ವಾರದಲ್ಲಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ, ಹಿಬ್ ಈ ಐದಕ್ಕೂ ಸೇರಿದ ಪೆಂಟಾ ಸೂಜಿಯೂ ಅದೇ ಮೂರು ದಿನಗಳಲ್ಲಿ. ಪೋಲಿಯೋ ಹನಿಯೂ ಜೊತೆಗೇ.

ಜಾಗ: ಹಳ್ಳಿಯಲ್ಲಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಅಂಗನವಾಡಿ. ಪೇಟೆಯಲ್ಲಾದರೆ ನಗರ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆ. ಲಸಿಕೆಯ ದಿನವೆಂದರೆ ನಮ್ಮಲ್ಲಿ ಗುರುವಾರ. ನಿಮ್ಮ ಬೀದಿಯ ಸರದಿ ಯಾವ ಗುರುವಾರ, ಎಷ್ಟು ಹೊತ್ತಿಗೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು.

ತರಬೇಕಾದದ್ದು: ತಾಯಿ ಕಾರ್ಡ್. ರೇಷನ್ ಕಾರ್ಡ್ ಯಾವ ಬಣ್ಣದ್ದು ಎಂದು ಯಾರೂ ಕೇಳುವುದಿಲ್ಲ. ಬಿಪಿಎಲ್ಲೋ ಎಪಿಎಲ್ಲೋ, ಬಾಡಿಗೆ ಮನೆಯೋ ಸ್ವಂತ ಮನೆಯೋ, ದಾವಣಗೆರೆಯವರೋ ಬಿಹಾರದಿಂದ ಕೆಲಸಕ್ಕೆ ಬಂದವರೋ, ಎಲ್ಲರ ಕೂಸಿಗೂ ಒಂದೇ ಸೂಜಿ. ಕೊಡಬೇಕಾದ ದುಡ್ಡು: ಸೊನ್ನೆ.

ಇಲ್ಲೇ ನಮ್ಮ ಅಂಗಡಿಯವರು ಎಡವುವುದು. "ನಾವು ಎಪಿಎಲ್‌ನೋರು, ಸರ್ಕಾರಿ ಸೂಜಿ ನಮಗೆಲ್ಲಿ ಕೊಡ್ತಾರೆ" ಎಂದು ಕೆಲವರು. "ಕೊಟ್ರೂ ಪುಕ್ಕಟೆ ಮಾಲು, ಎಂಥದ್ದಿರತ್ತೋ ಏನೋ" ಎಂದು ಇನ್ನು ಕೆಲವರು. ಸಣ್ಣ ಕಿರಾಣಿ ಅಂಗಡಿಯವನ ಸ್ಥಿತಿ ಇದರಲ್ಲಿ ಕಷ್ಟದ್ದು. ಬಿಪಿಎಲ್‌ಗೆ ಸೇರಲಿಲ್ಲ, ಇಎಸ್‌ಐ ಸಿಗುವ ನೌಕರನೂ ಅಲ್ಲ, ಮೂರು ಮೂರು ಸಾವಿರ ನಾಲ್ಕು ಸಲ ಎಣಿಸಿಕೊಡುವ ಶಕ್ತಿಯೂ ಇಲ್ಲ. ಮೊದಲ ಡೋಸ್ ಹೇಗೋ ಹಾಕಿಸುತ್ತಾನೆ. ಎರಡನೆಯದರ ಹೊತ್ತಿಗೆ ಸೀಸನ್ನಿಲ್ಲ, ಉದ್ರಿ ವಸೂಲಾಗಿಲ್ಲ. ಮುಂದಿನ ತಿಂಗಳು ನೋಡೋಣ ಎನ್ನುತ್ತಾನೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ.

ಪುಕ್ಕಟೆ ಎಂದರೆ ಪೊಳ್ಳಲ್ಲ

ಖಾಸಗಿಯಲ್ಲಿ ನಾಲ್ಕು ಡೋಸ್, ಸರ್ಕಾರಿಯಲ್ಲಿ ಮೂರೇ ಏಕೆ? ಒಂದು ಡೋಸ್ ಉಳಿಸಿಕೊಂಡರೇ? ಹಾಗಲ್ಲ. ಮೂರು ಡೋಸ್ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯದೇ ಶಿಫಾರಸು. ಎಲ್ಲ ಕೂಸುಗಳಿಗೂ ಹಾಕಿದಾಗ ಊರಿನಲ್ಲಿ ರೋಗಾಣುವಿನ ಓಡಾಟವೇ ತಗ್ಗುತ್ತದೆ. ಹಾಕಿಸಿಕೊಳ್ಳದ ಅಜ್ಜ ಅಜ್ಜಿಗೂ ಅದರ ನೆರಳು ಸಿಗುತ್ತದೆ.

ಸರ್ಕಾರಿ ಲಸಿಕೆ ಕೆಟ್ಟಿರುತ್ತದೆಯೇ ಎಂಬ ಅನುಮಾನಕ್ಕೂ ಮದ್ದಿದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋದರೂ ತಾಸುಗಟ್ಟಲೆ ತಂಪು ಹಿಡಿದಿಡುವ ಬೇರೆಯದೇ ಫ್ರಿಜ್ ಆರೋಗ್ಯ ಕೇಂದ್ರದಲ್ಲಿರುತ್ತದೆ. ಅಂಗನವಾಡಿಗೆ ಒಯ್ಯುವುದು ಮಂಜಿನ ಗಡ್ಡೆಯ ಪೆಟ್ಟಿಗೆಯಲ್ಲಿ. ಅದೂ ಸಾಲದೆಂದು ಸೀಸೆಯ ಮೇಲೆ ಒಂದು ಗುರುತು ಇರುತ್ತದೆ: ಬಣ್ಣದ ದುಂಡು, ಅದರೊಳಗೆ ಬಿಳಿ ಚೌಕ. ಶಾಖ ತಗುಲಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ದುಂಡಿನ ಬಣ್ಣಕ್ಕೆ ಸಮನಾದರೆ ಅಥವಾ ಅದಕ್ಕಿಂತ ಕಪ್ಪಾದರೆ ಆ ಸೀಸೆ ಬಳಸುವಂತಿಲ್ಲ. "ಸಿಸ್ಟರ್, ಸೀಸೆ ತೋರಿಸ್ರಿ" ಎಂದು ಕೇಳಲು ನಿಮಗೆ ಹಕ್ಕಿದೆ. ನಯವಾಗಿ ಕೇಳಿ, ತೋರಿಸುತ್ತಾರೆ. ಸಿರಿಂಜೂ ಅಷ್ಟೇ. ಒಮ್ಮೆ ಒತ್ತಿದರೆ ಮತ್ತೆ ಎಳೆಯಲು ಬಾರದ ಸಿರಿಂಜು. ಎರಡನೇ ಕೂಸಿಗೆ ಬಳಸೋಣವೆಂದರೂ ಆಗದು.

ಸೂಜಿ ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ. ಸಂಜೆಗೆ ಸ್ವಲ್ಪ ಜ್ವರ, ತೊಡೆಯಲ್ಲಿ ಊತ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ. ಸಣ್ಣ ನೆಗಡಿ ಇದೆ ಎಂದು ಸೂಜಿ ಮುಂದೂಡಬೇಕಿಲ್ಲ. ಒಂದೇ ದಿನ ಎರಡು ಮೂರು ಸೂಜಿ ಚುಚ್ಚುತ್ತಾರೆಂದು ಅಜ್ಜಿ ಗದರಿದರೆ, ಆ ಕ್ರಮ ದೇಶಕ್ಕೆಲ್ಲ ಒಂದೇ ಎಂದು ಹೇಳಿ ಸಮಾಧಾನ ಮಾಡಿ. ತಾರೀಖು ತಪ್ಪಿಹೋಗಿದ್ದರೆ ಮೊದಲಿನಿಂದ ಶುರುಮಾಡಬೇಕೆಂಬ ಹೆದರಿಕೆ ಬೇಡ. ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಪಿಸಿವಿಗೂ ರೋಟಾಗೂ ಮೊದಲ ಡೋಸ್ ಕೂಸಿಗೆ ವರ್ಷ ತುಂಬುವುದರೊಳಗೆ ಬಿದ್ದಿರಬೇಕು.

ಭಟ್ಟಿಯ ಹೊಗೆ, ಮನೆಯ ಒಲೆ

ನಮ್ಮ ಊರಿಗೆ ಈ ಸೂಜಿ ಇನ್ನಷ್ಟು ಬೇಕು. ದಾವಣಗೆರೆ ಎಂದರೆ ಮಂಡಕ್ಕಿ. ಮಂಡಕ್ಕಿ ಎಂದರೆ ಭಟ್ಟಿ. ಭಟ್ಟಿ ಎಂದರೆ ಹೊಗೆ. ಅಕ್ಕಪಕ್ಕದ ಮನೆಗಳ ತೊಟ್ಟಿಲ ಕೂಸುಗಳೂ ಅದೇ ಗಾಳಿ ಉಸಿರಾಡಬೇಕು. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಸೌದೆ ಒಲೆಯಲ್ಲಿ ನೀರು ಕಾಯಿಸುವ ಮನೆಗಳಿವೆ. ಹೊಗೆ ಕುಡಿದ ಎಳೆಯ ಪುಪ್ಪುಸಕ್ಕೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಕೂಸು ದಬದಬನೆ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಸೆಳೆದುಕೊಂಡರೆ, ಮೊಲೆ ಹಿಡಿಯದಿದ್ದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಸೂಜಿ ಹಾಕಿಸಿದ್ದರೂ ಆಸ್ಪತ್ರೆಗೆ ಹೊರಡಿ. ಕಾರ್ಡ್ ಕೆಲಸಕ್ಕೆ ಬರುವುದು ಆವಾಗ.

2019ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಪಡೆದವರು ನೂರಕ್ಕೆ 84. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು 63ರ ಆಸುಪಾಸಿನಲ್ಲಿತ್ತು. ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ಓಡಾಡುವ ನರ್ಸಮ್ಮಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಶಹಭಾಸ್ ಎನ್ನಲೇಬೇಕು. ಆದರೆ ಉಳಿದ ಹದಿನಾರು? ಆ ಹದಿನಾರರಲ್ಲಿ ನಮ್ಮ ಮನೆಯ ಕೂಸು ಇರಬಾರದಲ್ಲ.

ಮುಂದಿನ ಸರದಿ ಯಾರದು?

ಇಷ್ಟಕ್ಕೆ ಸರ್ಕಾರದ ಬೆನ್ನು ತಟ್ಟಿ ಮುಗಿಸುವಂತಿಲ್ಲ. ಟೈಫಾಯಿಡ್ ಲಸಿಕೆಯ ಕಥೆ ಕೇಳಿ. ಎಳೆಗೂಸುಗಳಿಗೂ ಕೊಡಬಹುದಾದ ಹೊಸ ಮಾದರಿಯ ಟೈಫಾಯಿಡ್ ಲಸಿಕೆಗೆ ನಮ್ಮ ದೇಶದಲ್ಲಿ ಪರವಾನಗಿ ಸಿಕ್ಕಿದ್ದು 2013ರಲ್ಲಿ. ತಯಾರಿಸಿದವರು ಹೈದರಾಬಾದಿನ ಅದೇ ಕಂಪನಿಯವರು. 2018ರಲ್ಲಿ ನವಿ ಮುಂಬಯಿ ಪಾಲಿಕೆ ತನ್ನ ಮಕ್ಕಳಿಗೆ ಹಾಕಿಸಿ ತೋರಿಸಿತು. 2019ರಲ್ಲಿ ಪಾಕಿಸ್ತಾನ ಈ ಹೊಸ ಲಸಿಕೆಯನ್ನು ತನ್ನ ಮಕ್ಕಳ ಮಾಮೂಲು ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ತಜ್ಞರ ಸಮಿತಿ ಶಿಫಾರಸು ಮಾಡಿದ್ದು 2022ರಲ್ಲಿ. 2024ರ ಸರ್ಕಾರಿ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ಮನೆಯಲ್ಲಿ ಬೆಳೆದ ಬೆಳೆ ಊರಿಗೆಲ್ಲ ಹಂಚಿಕೆಯಾಗಿ, ಮನೆಯ ಮಕ್ಕಳು ತಟ್ಟೆ ಹಿಡಿದು ಕಾಯುವಂತಾಯಿತು. ಚರಂಡಿ ನೀರು ಕುಡಿಯುವ ನೀರಿಗೆ ಸೇರುವ ಬೀದಿಗಳಿರುವ ಊರುಗಳಲ್ಲಿ ಟೈಫಾಯಿಡ್ ಎಂದರೇನೆಂದು ವಿವರಿಸಬೇಕಿಲ್ಲ.

ಪಿಸಿವಿಯ ಹದಿನೈದು ವರ್ಷ ಇನ್ನೊಂದಕ್ಕೆ ಮರುಕಳಿಸಬಾರದು. ಓಟು ಕೇಳಲು ಬರುವವರನ್ನು ರಸ್ತೆ, ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಬೇಕು: ಅಂಗಡಿಯಲ್ಲಿರುವ ಸೂಜಿ ಆರೋಗ್ಯ ಕೇಂದ್ರಕ್ಕೆ ಬರುವುದು ಯಾವಾಗ?

ಅದು ಬರುವ ತನಕ, ಬಂದಿರುವುದನ್ನು ಬಿಡಬೇಡಿ. ಈ ಗುರುವಾರ ಅಂಗಡಿ ಬಾಗಿಲು ಒಂದು ತಾಸು ತಡವಾಗಿ ತೆಗೆಯಿರಿ. ಗಿರಾಕಿ ಕಾಯ್ತಾನೆ. ರೋಗ ಕಾಯೋದಿಲ್ಲ.